ಯೇನಾದಿಂದ ನಮ್ಮ ಓಣಿಗೆ: ಒಂದು ಗುಳಿಗಿಯ ದಾರಿ

ತಿಕೋಟಾದ ನಮ್ಮ ಓಣಿಯಲ್ಲಿ ಒಬ್ಬ ಹುಡುಗಿ ಇದ್ದಳು. ರೊಟ್ಟಿ ಬಡಿಯುವ ಹೊತ್ತಿಗೆ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಬಾವಿಕಟ್ಟೆಗೆ ಕಳಿಸುತ್ತಿರಲಿಲ್ಲ, ಮಾಳಿಗೆ ಹತ್ತಗೊಡುತ್ತಿರಲಿಲ್ಲ. ಅವಳಿಗೆ ಮೂರ್ಛಿ ಬ್ಯಾನಿ. ಆಟದ ನಡುವೆ ಕಣ್ಣು ಮೇಲೆ ಸಿಕ್ಕಿಸಿಕೊಂಡು ಬಿದ್ದಳೆಂದರೆ ಯಾರಾದರೊಬ್ಬರು ಓಡಿಬಂದು ಕೈಗೆ ಕಬ್ಬಿಣದ ಕೀಲಿ ಹಿಡಿಸುತ್ತಿದ್ದರು, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಒಡೆದು ಹಿಡಿಯುತ್ತಿದ್ದರು. ದೇವರಿಗೆ ಹರಕೆಯಾಯಿತು, ಕೊರಳಿಗೆ ತಾಯತವಾಯಿತು. ಕೊನೆಗೆ ಅವಳ ಅಪ್ಪ ವಿಜಯಪುರದ ದವಾಖಾನಿಗೆ ಕರೆದೊಯ್ದ. ಬರುವಾಗ ಅವನ ಅಂಗಿ ಕಿಸೆಯಲ್ಲಿ ಸಣ್ಣ ಬಿಳಿ ಗುಳಿಗಿಗಳ ಒಂದು ಪಟ್ಟಿ ಇತ್ತು.

ಅವತ್ತಿನಿಂದ ದಿನಾ ರಾತ್ರಿ ಊಟವಾದ ಮೇಲೆ ಅವಳ ಆಯಿ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು: "ಗುಳಿಗಿ ತಗೊಂಡಿ ಏನವ್ವಾ?" ಒಳಗಿನಿಂದ "ಹೂಂ ಆಯಿ, ತಗೊಂಡೆ" ಎಂಬ ಉತ್ತರ ಬರುವ ತನಕ ಆ ಮುದುಕಿ ಎಲೆ ಅಡಿಕೆ ಬಾಯಿಗೆ ಹಾಕುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ನಾನು ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಬಿ.ಎಸ್ಸಿ. ಓದಲು ಹೋಗುತ್ತಿದ್ದೆ. ಕರಿಹಲಗೆಯ ಮೇಲೆ ಅಸಿಟೋಅಸಿಟಿಕ್ ಎಸ್ಟರ್, ಮಲೋನಿಕ್ ಎಸ್ಟರ್ ಎಂಬ ಹೆಸರುಗಳು, ಅವುಗಳಿಂದ ಹೊರಟ ಬಾಣಗಳ ಸಾಲು. ಸೋಡಿಯಂ ಈಥಾಕ್ಸೈಡ್ ಹಾಕಿದರೆ ಹೈಡ್ರೋಜನ್ ಹೋಗುತ್ತದೆ, ಆಲ್ಕೈಲ್ ಹಾಲೈಡ್ ಹಾಕಿದರೆ ಆಲ್ಕೈಲ್ ಬರುತ್ತದೆ. ಪರೀಕ್ಷೆಗೆ ಕಟ್ಟಾಯಂ ಬರುವ ಪ್ರಶ್ನೆಯೆಂದು ಎಲ್ಲರೂ ಬಾಯಿಪಾಠ ಮಾಡಿದೆವು. ಆ ಹಲಗೆಯ ಮೇಲಿನ ಬಾಣಗಳಲ್ಲಿ ಒಂದು ನಮ್ಮ ಓಣಿಯ ಆ ಹುಡುಗಿಯ ಗುಳಿಗಿಯ ತನಕ ಹೋಗುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ದಾರಿಯ ಕಥೆ ಇದು.

ಸೋಡಿಯಂ ಚೂರು, ಎಸ್ಟರಿನ ಪಾತ್ರೆ

ಕಥೆ ಶುರುವಾಗುವುದು ಜರ್ಮನಿಯ ಯೇನಾ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ, 1863ರಲ್ಲಿ. ಆಂಟನ್ ಗಾಯ್ಥರ್ ಎಂಬ ರಸಾಯನಶಾಸ್ತ್ರಜ್ಞರು ಈಥೈಲ್ ಅಸಿಟೇಟಿಗೆ ಸೋಡಿಯಂ ಲೋಹ ಹಾಕಿ ನೋಡಿದರು. ಈಥೈಲ್ ಅಸಿಟೇಟ್ ಒಂದು ಎಸ್ಟರ್. ಹೆಸರು ಪರಕೀಯವಾಗಿ ಕೇಳಿದರೂ ಎಸ್ಟರ್ ಎಂಬ ವಸ್ತು ನಮ್ಮ ಭಾಗಕ್ಕೆ ಅಪರಿಚಿತವಲ್ಲ. ತಿಕೋಟಾ ಸೀಮೆಯಲ್ಲಿ ಒಣದ್ರಾಕ್ಷಿ ಮಾಡುವವರು ಗೊನೆಗಳನ್ನು ಶೆಡ್ಡಿನ ಬಲೆಯ ಮೇಲೆ ಹರಡುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದುತ್ತಾರಲ್ಲ, ಆ ನೀರಿಗೆ ಸೇರಿಸುವ ಎಣ್ಣೆ ಈಥೈಲ್ ಓಲಿಯೇಟ್. ಅದೂ ಎಸ್ಟರೇ. ಹಣ್ಣಿನ ಮೇಲಿನ ಮೇಣದ ಪದರವನ್ನು ಅದು ಸಡಿಲಿಸಿದರೆ ಒಳಗಿನ ನೀರು ಬೇಗ ಹೊರಬೀಳುತ್ತದೆ.

ಗಾಯ್ಥರ್ ಅವರ ಪಾತ್ರೆಯಲ್ಲಿ ಹೈಡ್ರೋಜನ್ ಅನಿಲ ಎದ್ದಿತು, ಹೊಸದೊಂದು ಸೋಡಿಯಂ ಲವಣ ಉಳಿಯಿತು. ಅದಕ್ಕೆ ಆಮ್ಲ ಬೆರೆಸಿದಾಗ ಸಿಕ್ಕ ದ್ರವವೇ ಈಥೈಲ್ ಅಸಿಟೋಅಸಿಟೇಟ್, ಅಂದರೆ ನಮ್ಮ ಹಲಗೆಯ ಮೇಲಿನ ಅಸಿಟೋಅಸಿಟಿಕ್ ಎಸ್ಟರ್. ಎರಡು ಎಸ್ಟರ್ ಅಣುಗಳು ಒಂದಕ್ಕೊಂದು ಬೆಸೆದು ಹುಟ್ಟಿದ ಅಣು ಅದು. ಎರಡು ವರ್ಷ ಕಳೆದು, 1865ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಮತ್ತು ಡುಪ್ಪಾ ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಆ ಸೋಡಿಯಂ ಲವಣಕ್ಕೆ ಆಲ್ಕೈಲ್ ಅಯೋಡೈಡ್ ಬೆರೆಸಿದಾಗ ಸೋಡಿಯಮ್ಮಿನ ಜಾಗಕ್ಕೆ ಆಲ್ಕೈಲ್ ಗುಂಪು ಬಂದು ಕೂತಿತು. ಇಂಗಾಲಕ್ಕೆ ಇಂಗಾಲ ಅಂಟಿತು.

ಇಂಗಾಲಕ್ಕೆ ಇಂಗಾಲ ಅಂಟಿಸುವುದು ಎಷ್ಟು ದೊಡ್ಡ ಮಾತು ಎಂಬುದು ಆ ಕಸುಬಿನವರಿಗೆ ಗೊತ್ತು. ನಮ್ಮ ಮೈ, ಬೆಳೆ, ಬಟ್ಟೆ, ಔಷಧ ಎಲ್ಲದರ ಹಂದರವೂ ಇಂಗಾಲದ ಸರಪಳಿ. ಬೇಕಾದ ಜಾಗದಲ್ಲಿ ಬೇಕಾದ ಕೊಂಡಿ ಹಾಕಲು ಬರದಿದ್ದರೆ ಹೊಸ ಅಣು ಕಟ್ಟಲು ಬರುವುದಿಲ್ಲ.

ಎರಡು ಎತ್ತು, ಒಂದು ನೊಗ

ಹಾಗಾದರೆ ಆ ಎಸ್ಟರಿನ ಹೈಡ್ರೋಜನ್ ಅಷ್ಟು ಸುಲಭವಾಗಿ ಬಿಟ್ಟುಹೋಗುವುದೇಕೆ? ಸಾಮಾನ್ಯವಾಗಿ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಆದರೆ ಈ ಅಣುವಿನಲ್ಲಿ ನಡುವಿನ ಇಂಗಾಲದ ಎಡಕ್ಕೊಂದು ಬಲಕ್ಕೊಂದು ಕಾರ್ಬೊನಿಲ್ ಗುಂಪು ಇವೆ. ಕಾರ್ಬೊನಿಲ್ ಎಂದರೆ ಆಮ್ಲಜನಕಕ್ಕೆ ಎರಡು ಕೊಂಡಿಯಿಂದ ಕಟ್ಟಿದ ಇಂಗಾಲ. ಆಮ್ಲಜನಕಕ್ಕೆ ಎಲೆಕ್ಟ್ರಾನುಗಳ ಮೇಲೆ ಬಹಳ ಆಸೆ. ನೊಗಕ್ಕೆ ಹೂಡಿದ ಎರಡು ಎತ್ತು ಎರಡು ಕಡೆಗೆ ಎಳೆದರೆ ನಡುವಿನ ಕಟ್ಟು ಹೇಗೆ ಸಡಿಲಾಗುತ್ತದೋ ಹಾಗೆ ನಡುವಿನ ಇಂಗಾಲ ತನ್ನ ಹೈಡ್ರೋಜನ್ನಿನ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಸೋಡಿಯಂ ಈಥಾಕ್ಸೈಡಿನಂಥ ಪ್ರತ್ಯಾಮ್ಲ ಬಂದು ಕೈಚಾಚಿದರೆ ಸಾಕು, ಹೈಡ್ರೋಜನ್ ಕೊಂಡಿಯ ಎಲೆಕ್ಟ್ರಾನುಗಳನ್ನು ಅಲ್ಲೇ ಬಿಟ್ಟು ಹೊರಡುತ್ತದೆ.

ಉಳಿದ ಎಲೆಕ್ಟ್ರಾನ್ ಜೋಡಿ ಇಂಗಾಲ ಮತ್ತು ಆಮ್ಲಜನಕಗಳ ನಡುವೆ ಹಂಚಿಕೊಂಡು ನಿಲ್ಲುತ್ತದೆ. ಹೀಗೆ ನಿಂತ ಋಣ ಅಯಾನಿಗೆ ಈನೊಲೇಟ್ ಎಂದು ಹೆಸರು. ಅದರ ಕೈಯಲ್ಲಿ ಕೊಡಲು ಎಲೆಕ್ಟ್ರಾನುಗಳಿವೆ. ಎದುರಿಗೆ ಈಥೈಲ್ ಬ್ರೋಮೈಡ್ ಬಂದರೆ, ಅಲ್ಲಿ ಬ್ರೋಮಿನ್ ಹಿಡಿದಿರುವ ಇಂಗಾಲದ ಬೆನ್ನ ಕಡೆಯಿಂದ ಹೋಗಿ ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಬ್ರೋಮಿನ್ ಬಿಟ್ಟು ತೊಲಗುತ್ತದೆ. ಇದೇ ಆಲ್ಕೈಲೀಕರಣ. ಹಲಗೆಯ ಮೇಲಿನ ಇನ್ನೊಂದು ಹೆಸರಾದ ಮಲೋನಿಕ್ ಎಸ್ಟರಿನಲ್ಲೂ ನಡುವಿನ ಇಂಗಾಲಕ್ಕೆ ಇಂಥ ಸಡಿಲ ಹೈಡ್ರೋಜನ್ ಎರಡಿವೆ. ಆದ್ದರಿಂದ ಒಂದಾದ ಮೇಲೊಂದು ಎರಡು ಗುಂಪುಗಳನ್ನು ಅಲ್ಲಿ ಕೂರಿಸಬಹುದು. 1870ರ ದಶಕದಲ್ಲಿ ವುರ್ಟ್ಸ್‌ಬುರ್ಗಿನಲ್ಲಿ ಯೊಹಾನ್ನೆಸ್ ವಿಸ್ಲಿಸೆನುಸ್ ಅಸಿಟೋಅಸಿಟಿಕ್ ಎಸ್ಟರಿನ ಈ ವಿಧಾನಕ್ಕೆ ಒಂದು ಕ್ರಮ ಕೊಟ್ಟರು. 1880ರ ಹೊತ್ತಿಗೆ ಮ್ಯಾಕ್ಸ್ ಕಾನ್ರಾಡ್ ಮಲೋನಿಕ್ ಎಸ್ಟರಿಗೂ ಅದನ್ನು ಒಗ್ಗಿಸಿದರು.

ಆದರೆ ಅಸಿಟೋಅಸಿಟಿಕ್ ಎಸ್ಟರಿನ ನಿಜರೂಪ ಯಾವುದು ಎಂಬ ಜಗಳ ಅರ್ಧ ಶತಮಾನ ನಡೆಯಿತು. ಒಬ್ಬರ ಪ್ರಕಾರ ಹೈಡ್ರೋಜನ್ ಇರುವುದು ಇಂಗಾಲದ ಮೇಲೆ, ಅದು ಕೀಟೊ ರೂಪ. ಇನ್ನೊಬ್ಬರ ಪ್ರಕಾರ ಆಮ್ಲಜನಕದ ಮೇಲೆ, ಅದು ಈನಾಲ್ ರೂಪ. ಎರಡಕ್ಕೂ ಸಾಕ್ಷಿ ಸಿಗುತ್ತಿತ್ತು. 1889ರಲ್ಲಿ ಗಾಯ್ಥರ್ ತೀರಿಕೊಂಡರು. ಅದೇ ವರ್ಷ ಯೇನಾಕ್ಕೆ ಪ್ರಾಧ್ಯಾಪಕರಾಗಿ ಬಂದ ಲುಡ್ವಿಗ್ ಕ್ನೋರ್ 1911ರಲ್ಲಿ ಈಥೈಲ್ ಅಸಿಟೋಅಸಿಟೇಟನ್ನು ಸೊನ್ನೆಗಿಂತ 78 ಡಿಗ್ರಿ ಕೆಳಗೆ ತಣಿಸಿ ಎರಡೂ ರೂಪಗಳನ್ನು ಬೇರೆ ಬೇರೆಯಾಗಿ ಹಿಡಿದು ತೋರಿಸಿದರು. ಅದೇ ವರ್ಷ ಕುರ್ಟ್ ಮೇಯರ್ ಬ್ರೋಮಿನ್ ಬಳಸಿ ಎಣಿಸಿದಾಗ ನೂರರಲ್ಲಿ ಏಳರಷ್ಟು ಮಾತ್ರ ಈನಾಲ್ ಎಂದು ತಿಳಿಯಿತು. ಎರಡೂ ಪಕ್ಷದವರು ಹೇಳಿದ್ದು ನಿಜ. ಅಣು ಒಂದು ರೂಪದಿಂದ ಇನ್ನೊಂದಕ್ಕೆ ಸದಾ ಹೋಗಿಬರುತ್ತಿತ್ತು. ಯೇನಾದಲ್ಲಿ ಎದ್ದ ಪ್ರಶ್ನೆ 48 ವರ್ಷದ ಮೇಲೆ ಯೇನಾದಲ್ಲೇ ಬಗೆಹರಿಯಿತು.

ಮನುಷ್ಯ ಹೀಗೆ ವಾದಿಸುತ್ತಿದ್ದಾಗ ಗಿಡಮರಗಳು ಈ ವಿದ್ಯೆಯನ್ನು ಯಾವ ಕಾಲದಿಂದಲೋ ಬಳಸುತ್ತಿದ್ದವು. ನಮ್ಮ ದ್ರಾಕ್ಷಿ ಎಲೆಯೊಳಗಿನ ರೂಬಿಸ್ಕೊ ಎಂಬ ಕಿಣ್ವ ಐದು ಇಂಗಾಲದ ಒಂದು ಸಕ್ಕರೆಯಿಂದ ಹೈಡ್ರೋಜನ್ ಕಿತ್ತು ಈನೊಲೇಟಿನಂಥ ರೂಪ ಮಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಆ ರೂಪವೇ. ಬಬಲೇಶ್ವರದ ಹೊಲದ ಕಬ್ಬು, ಜೋಳ, ದ್ರಾಕ್ಷಿ ಎಲ್ಲದರ ಸಿಹಿಯೂ ಈ ಹಿಡಿತದಿಂದ ಬಂದದ್ದು.

ಪ್ರಯೋಗಶಾಲೆಯಲ್ಲಿ ಮುಂದೆ ನೊಗಕ್ಕೆ ಎರಡು ಎತ್ತು ಬೇಕೇ ಬೇಕು ಎಂಬ ಕಟ್ಟೂ ಹೋಯಿತು. 1954ರಲ್ಲಿ ಗಿಲ್ಬರ್ಟ್ ಸ್ಟೋರ್ಕ್ ತೋರಿಸಿದ ಈನಮೀನ್ ವಿಧಾನ, ಲಿಥಿಯಂ ಡೈಐಸೊಪ್ರೊಪಿಲಮೈಡ್ ಎಂಬ ಬಲವಾದ ಪ್ರತ್ಯಾಮ್ಲ, ಆಮೇಲೆ ಡೇವಿಡ್ ಎವಾನ್ಸ್ ಕಲಿಸಿದ ಎಡಬಲ ನೋಡಿ ಗುಂಪು ಕೂರಿಸುವ ಕಲೆ, ಇವುಗಳಿಂದ ಒಂದೇ ಕಾರ್ಬೊನಿಲ್ ಇರುವ ಅಣುವನ್ನೂ ಬೇಕಾದಂತೆ ಬೆಳೆಸಲು ಸಾಧ್ಯವಾಯಿತು. ಆದರೆ ನಮ್ಮ ಓಣಿಯ ಗುಳಿಗಿಗೆ ಹಳೆಯ ಎರಡೆತ್ತಿನ ನೊಗವೇ ಸಾಕಾಗಿತ್ತು.

ನಿದ್ದೆಯ ಮದ್ದು, ಮೂರ್ಛೆಯ ಮದ್ದು

1864ರಲ್ಲಿ ಅಡಾಲ್ಫ್ ಬೇಯರ್ ಬಾರ್ಬಿಟ್ಯೂರಿಕ್ ಆಮ್ಲವನ್ನು ಪರಿಚಯಿಸಿದರು. ಮಲೋನಿಕ್ ಆಮ್ಲವೂ ಯೂರಿಯಾವೂ ಕೂಡಿದ ಉಂಗುರದಂಥ ಅಣು ಅದು. ಯೂರಿಯಾ ಎಂದರೆ ನಮ್ಮ ರೈತರು ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ. ಆ ಆಮ್ಲದಿಂದ ಮೈಗೆ ಯಾವ ಪರಿಣಾಮವೂ ಆಗಲಿಲ್ಲ. ಸುಮಾರು 40 ವರ್ಷದ ನಂತರ ಬರ್ಲಿನ್ನಿನ ಎಮಿಲ್ ಫಿಷರ್ ಮತ್ತು ವೈದ್ಯ ಯೋಸೆಫ್ ಫಾನ್ ಮೇರಿಂಗ್ ಒಂದು ಕೆಲಸ ಮಾಡಿದರು. ಮಲೋನಿಕ್ ಎಸ್ಟರಿನ ನಡುವಿನ ಇಂಗಾಲಕ್ಕೆ ಮೊದಲು ಎರಡು ಈಥೈಲ್ ಗುಂಪು ಕೂರಿಸಿ, ಆಮೇಲೆ ಯೂರಿಯಾದೊಡನೆ ಉಂಗುರ ಕಟ್ಟಿದರು. ಹೀಗೆ 1903ರಲ್ಲಿ ಲೋಕಕ್ಕೆ ತಿಳಿದ ಬಾರ್ಬಿಟಾಲ್ ನಿದ್ದೆ ತರಿಸಿತು. ವೆರೊನಾಲ್ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಎರಡು ಈಥೈಲ್ ಗುಂಪು ಸೇರಿದ್ದರಿಂದ ಅಣು ಕೊಬ್ಬಿನಲ್ಲಿ ಕರಗುವಂತಾಗಿ ಮಿದುಳಿನ ಒಳಗೆ ಹೋಗಲು ದಾರಿಯಾಗಿತ್ತು. ಆಲ್ಕೈಲೀಕರಣ ಇಲ್ಲದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

1911ರ ಸುಮಾರಿಗೆ ಬೇಯರ್ ಕಂಪನಿಯಲ್ಲಿ ಒಂದು ಈಥೈಲ್ ಗುಂಪಿನ ಬದಲು ಬೆಂಜೀನ್ ಉಂಗುರದ ಫಿನೈಲ್ ಗುಂಪು ಇಟ್ಟು ಫಿನೊಬಾರ್ಬಿಟಾಲ್ ತಯಾರಿಸಿದರು. ನಮ್ಮ ಓಣಿಯ ಹುಡುಗಿಯ ಗುಳಿಗಿ ಇದೇ. ಇದಕ್ಕೊಂದು ತೊಡಕಿತ್ತು. ಫಿನೈಲ್ ಬ್ರೋಮೈಡಿನಲ್ಲಿ ಬ್ರೋಮಿನ್ ಗಟ್ಟಿಯಾಗಿ ಕೂತಿರುತ್ತದೆ. ಬೆನ್ನ ಕಡೆಯಿಂದ ಹೋಗಲು ಉಂಗುರ ಜಾಗ ಕೊಡುವುದಿಲ್ಲ. ಆದ್ದರಿಂದ ಫಿನೈಲ್ ಮೊದಲೇ ಇರುವ ಅಸಿಟಿಕ್ ಎಸ್ಟರಿನಿಂದ ಹೊರಟು, ಗಾಯ್ಥರ್ ಕಂಡ ಎಸ್ಟರ್ ಬೆಸುಗೆಯಿಂದಲೇ ಅದನ್ನು ಫಿನೈಲ್ ಮಲೋನಿಕ್ ಎಸ್ಟರ್ ಮಾಡಿಕೊಳ್ಳುವುದು ಇದರ ಹಳೆಯ ದಾರಿ. ಆ ಬೆಸುಗೆಗೆ ಈಗ ಲುಡ್ವಿಗ್ ಕ್ಲೈಸನ್ ಅವರ ಹೆಸರಿದೆ. ಹಾಗೆ ಸಿಕ್ಕ ಎಸ್ಟರಿಗೆ ಈಥೈಲ್ ಕೂರಿಸಿ, ಕೊನೆಗೆ ಯೂರಿಯಾ ಸೇರಿಸಿ ಉಂಗುರ ಮುಚ್ಚುತ್ತಾರೆ. 1912ರಲ್ಲಿ ಇದು ಲುಮಿನಾಲ್ ಎಂಬ ಹೆಸರಿನಲ್ಲಿ ನಿದ್ದೆಗುಳಿಗೆಯಾಗಿ ಹೊರಬಂತು.

ಅದೇ 1912ರಲ್ಲಿ ಫ್ರೈಬುರ್ಗಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ತರುಣ ವೈದ್ಯರು ಮೂರ್ಛೆರೋಗಿಗಳಿಗೆ ಶಾಂತವಾಗಲಿ ಎಂದು ಲುಮಿನಾಲ್ ಕೊಟ್ಟರು. ಅವರು ಬಯಸಿದ್ದು ನಿದ್ದೆ, ಸಿಕ್ಕಿದ್ದು ಬೇರೆ. ರೋಗಿಗಳ ಮೂರ್ಛೆಯ ಸೆಳವುಗಳೇ ಕಡಿಮೆಯಾದವು. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿದ್ದದ್ದು 1857ರಿಂದ ಬಳಕೆಗೆ ಬಂದ ಪೊಟ್ಯಾಸಿಯಂ ಬ್ರೋಮೈಡ್. ಅದು ಮೈಮೇಲೆ ಗುಳ್ಳೆ ಎಬ್ಬಿಸುತ್ತಿತ್ತು, ಬುದ್ಧಿಗೆ ಮಂಕು ಕವಿಸುತ್ತಿತ್ತು. ಹೌಪ್ಟ್‌ಮನ್ ಆಗಲೇ ತಮ್ಮ ಅನುಭವ ಪ್ರಕಟಿಸಿದರು. ಲಕ್ಷಾಂತರ ಮಂದಿಗೆ ನೆಮ್ಮದಿ ಕೊಟ್ಟ ಆ ವೈದ್ಯ ಯಹೂದಿ ಮೂಲದವರು. 1938ರಲ್ಲಿ ನಾಜಿಗಳು ಅವರನ್ನು ದಾಖಾವ್ ಸೆರೆಶಿಬಿರಕ್ಕೆ ತಳ್ಳಿದರು. ಹೇಗೋ ಬಿಡುಗಡೆಯಾಗಿ ಅಮೆರಿಕ ಸೇರಿದ ಅವರು 1948ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡರು.

ಇದೇ ರಸಾಯನದ ಇನ್ನೊಂದು ಕೂಸು 80 ವರ್ಷ ಮೂಲೆಯಲ್ಲಿ ಕೂತಿತ್ತು. 1882ರಲ್ಲಿ ಬೆವರ್ಲಿ ಬರ್ಟನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ಅಸಿಟೋಅಸಿಟಿಕ್ ಎಸ್ಟರಿಗೆ ಪ್ರೊಪೈಲ್ ಗುಂಪುಗಳನ್ನು ಕೂರಿಸುತ್ತ ವ್ಯಾಲ್ಪ್ರೊಯಿಕ್ ಆಮ್ಲ ಪಡೆದರು. ಅದನ್ನು ಬೇರೆ ವಸ್ತುಗಳನ್ನು ಕರಗಿಸುವ ದ್ರಾವಕವೆಂದಷ್ಟೇ ಜನ ಬಳಸಿದರು. 1962ರಲ್ಲಿ ಫ್ರಾನ್ಸಿನ ಗ್ರೆನೋಬಲಿನಲ್ಲಿ ಪಿಯೆರ್ ಐಮಾರ್ ಹೊಸ ಮದ್ದುಗಳನ್ನು ಇದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದರು. ಬೇರೆ ಬೇರೆ ಮದ್ದು ಹಾಕಿದರೂ ಎಲ್ಲವೂ ಮೂರ್ಛೆಯನ್ನು ತಡೆದವು. ಗುಣ ಇದ್ದದ್ದು ದ್ರಾವಕದಲ್ಲಿ! 1967ರಲ್ಲಿ ಫ್ರಾನ್ಸಿನಲ್ಲಿ ಅದು ಔಷಧವಾಗಿ ಬಂತು. ಇಂದು ಮೂರ್ಛೆರೋಗಕ್ಕೆ ಜಗತ್ತಿನಲ್ಲೆಲ್ಲ ಬರೆಯುವ ಮದ್ದುಗಳಲ್ಲಿ ಅದೂ ಒಂದು. ಆದರೆ ಗರ್ಭದಲ್ಲಿರುವ ಮಗುವಿಗೆ ಅದು ಕೆಡುಕು ಮಾಡಬಲ್ಲದು. ಆದ್ದರಿಂದ ಹೆಣ್ಣುಮಕ್ಕಳಿಗೆ ಕೊಡುವಾಗ ವೈದ್ಯರು ಬಹಳ ಎಚ್ಚರ ವಹಿಸುತ್ತಾರೆ.

ಯಳಂದೂರಿನ ಮನೆಮನೆಗೆ

ಫಿನೊಬಾರ್ಬಿಟಾಲ್ ತಯಾರಾದ ಹೊತ್ತಿನಲ್ಲೇ, 1911ರಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೊದಲ ವಿದ್ಯಾರ್ಥಿಗಳು ರಸಾಯನಶಾಸ್ತ್ರ ಕಲಿಯಲು ಕೂತರು. ವಿದ್ಯೆ ನಮ್ಮ ನೆಲಕ್ಕೆ ಬೇಗ ಬಂತು. ಗುಳಿಗಿ ಹಳ್ಳಿಗೆ ಬರಲು ಬಹಳ ತಡವಾಯಿತು.

ಕರ್ನಾಟಕದಲ್ಲಿ ಮೂರ್ಛೆರೋಗವನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮೊದಲ ಸಾಲಿನವರು. ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ವಿಚಿತ್ರ ಮೂರ್ಛೆಯ ಬಗ್ಗೆ 1968ರಲ್ಲಿ ಅವರು ಮತ್ತು ಜತೆಗಾರರು ಬರೆದರು. ಹಳೆ ಮೈಸೂರು ಸೀಮೆಯಲ್ಲಿ ಇದು ಹೆಚ್ಚು. ಹಂಡೆಯ ಸುಡುನೀರನ್ನು ತಂಬಿಗೆಯಿಂದ ತಲೆಗೆ ಹೊಯ್ದುಕೊಳ್ಳುವ ನಮ್ಮ ಸ್ನಾನದ ಪದ್ಧತಿಗೂ ಈ ಕಾಯಿಲೆಗೂ ನಂಟಿದೆ. 1988ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಮುಂದೆ ನಿಮ್ಹಾನ್ಸಿನ ಡಾ. ಎಂ. ಗೌರಿದೇವಿ ಮತ್ತು ತಂಡ ಬೆಂಗಳೂರು ನಗರ ಹಾಗೂ ಹಳ್ಳಿಗಳ 1 ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಲಕ್ಷಕ್ಕೆ 883 ಜನರಿಗೆ ಮೂರ್ಛೆರೋಗ ಕಂಡಿತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದು ಸುಮಾರು ಎರಡು ಪಟ್ಟು. ರೋಗ ಹೆಚ್ಚಿರುವುದು ಹಳ್ಳಿಯಲ್ಲಿ, ವೈದ್ಯರು ಹೆಚ್ಚಿರುವುದು ಪಟ್ಟಣದಲ್ಲಿ.

ಈ ಅಂತರ ದಾಟಲು ಮಣಿ ಆರಿಸಿಕೊಂಡದ್ದು ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕು. 1986ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ಕರುಣಾ ಟ್ರಸ್ಟ್ ಕುಷ್ಠರೋಗ ನಿವಾರಣೆಗೆಂದು ಮೊದಲು ಓಡಾಡಿದ ತಾಲ್ಲೂಕು ಅದು. 1990ರ ದಶಕದಲ್ಲಿ ಅಲ್ಲಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೆ ಹೋಗಿ ಮೂರ್ಛೆರೋಗ ಇರುವವರನ್ನು ಗುರುತಿಸಿದರು. ಅವರಿಗೆ ಕೊಟ್ಟದ್ದು ಅತ್ಯಂತ ಅಗ್ಗದ ಎರಡು ಮದ್ದು, ಫಿನೊಬಾರ್ಬಿಟಾಲ್ ಅಥವಾ ಫೆನಿಟಾಯಿನ್. ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ವರ್ಷಗಟ್ಟಲೆ ಅವರ ಬೆನ್ನು ಹತ್ತಿದರು. ಗುಳಿಗೆ ನುಂಗುತ್ತಿದ್ದಾರೆಯೇ, ಸೆಳವು ಬಂತೇ, ತೂಕಡಿಕೆ ಎಷ್ಟು ಎಂದು ವಿಚಾರಿಸುತ್ತ ಹೋದರು. 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಯಳಂದೂರಿನ ಹೆಸರು ಬಂತು. ಈ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು ಎಂಬುದು ಆ ಬರಹದ ತಿರುಳು.

ಎಷ್ಟು ಅಗ್ಗ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಬ್ಬರ ವರ್ಷದ ಮದ್ದಿಗೆ 5 ಡಾಲರಿನಷ್ಟು ಕಡಿಮೆ ಖರ್ಚು ಸಾಕಾಗಬಹುದು. ಸರಿಯಾಗಿ ಮದ್ದು ಸಿಕ್ಕರೆ ನೂರರಲ್ಲಿ 70 ಜನ ಸೆಳವಿಲ್ಲದೆ ಬದುಕಬಲ್ಲರು. ಫಿನೊಬಾರ್ಬಿಟಾಲ್ ಆ ಸಂಸ್ಥೆಯ 1977ರ ಮೊದಲ ಅಗತ್ಯ ಔಷಧಿಗಳ ಪಟ್ಟಿಯಿಂದ ಇಂದಿನವರೆಗೂ ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ. ಅದಕ್ಕೆ ದೋಷಗಳಿಲ್ಲವೆಂದಲ್ಲ. ತೂಕಡಿಕೆ ತರುತ್ತದೆ, ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ನಿಲ್ಲದ ಮೂರ್ಛೆ ಬಂದು ಜೀವಕ್ಕೇ ಅಪಾಯ.

ಆದರೂ ನಮ್ಮಲ್ಲಿ ಮದ್ದು ಬಿಡಿಸುತ್ತಿದ್ದ ಒಂದು ದೊಡ್ಡ ಕಾರಣ ಮದುವೆ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಹುಚ್ಚಿನ ಜತೆಗೇ ಮೂರ್ಛೆರೋಗವನ್ನೂ ಮದುವೆಗೆ ಅಡ್ಡಿ ಎಂದು ಬರೆದಿತ್ತು. ಗಂಡಿನ ಕಡೆಯವರಿಗೆ ಗೊತ್ತಾಗಬಾರದೆಂದು ಹುಡುಗಿಯ ಗುಳಿಗಿ ಮುಚ್ಚಿಡುವುದು, ಹೊಸ ಮನೆಗೆ ಹೋದಮೇಲೆ ನುಂಗಲಾಗದೆ ಸೆಳವು ಬರುವುದು, ಸೆಳವು ಬಂತೆಂದು ತವರಿಗೆ ಅಟ್ಟುವುದು, ಎಷ್ಟು ಮನೆಗಳಲ್ಲಿ ನಡೆದಿಲ್ಲ! ಭಾರತೀಯ ಅಪಸ್ಮಾರ ಸಂಘ ಈ ಶಬ್ದದ ವಿರುದ್ಧ ಹೋರಾಡಿತು. 1999ರ ಡಿಸೆಂಬರಿನಲ್ಲಿ ಸಂಸತ್ತಿನ ತಿದ್ದುಪಡಿಯಿಂದ ಆ ಒಂದು ಪದ ಕಾಯ್ದೆಯಿಂದ ಹೋಯಿತು.

ಕೊನೆಯ ಹೆಜ್ಜೆ

ಈಗ ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕುಗಳಾಗಿವೆ. ವಿಜಯಪುರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ಸಂತೆಯಲ್ಲಿ ಯಾರಾದರೂ ಬಿದ್ದರೆ ಇವತ್ತಿಗೂ ಮೊದಲು ಹುಡುಕುವುದು ಕಬ್ಬಿಣದ ಕೀಲಿ. ಮಾಡಬೇಕಾದದ್ದು ಇಷ್ಟೇ: ಸುತ್ತಲಿನ ಕಲ್ಲು, ಚೂಪಾದ ವಸ್ತು ಸರಿಸಬೇಕು, ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ದಾಟಿದರೆ ದವಾಖಾನಿಗೆ ಒಯ್ಯಬೇಕು.

ನನಗೆ ರಸಾಯನಶಾಸ್ತ್ರ ಕಲಿಸುವ ಗೆಳೆಯರಿದ್ದಾರೆ. ಅವರಲ್ಲಿ ನನ್ನದೊಂದೇ ಬೇಡಿಕೆ. ಮಲೋನಿಕ್ ಎಸ್ಟರಿನ ಪಾಠಕ್ಕೆ ಹೋಗುವ ದಿನ ಕಿಸೆಯಲ್ಲಿ ಫಿನೊಬಾರ್ಬಿಟಾಲಿನ ಒಂದು ಪಟ್ಟಿ ಇಟ್ಟುಕೊಂಡು ಹೋಗಿ. ಹಲಗೆಯ ಮೇಲೆ ಬಾಣ ಬರೆದಾದ ಮೇಲೆ ಅದನ್ನು ಎತ್ತಿ ತೋರಿಸಿ. ಆ ಕೋಣೆಯಲ್ಲಿ ಕೂತ ಮಕ್ಕಳಲ್ಲಿ ಯಾರದೋ ಮನೆಯಲ್ಲಿ, ಯಾರದೋ ಓಣಿಯಲ್ಲಿ ಆ ಗುಳಿಗಿ ಬೇಕಾದವರು ಇದ್ದೇ ಇರುತ್ತಾರೆ. ಒಂದು ಅಣುವನ್ನು ಕಟ್ಟಲು ಅರ್ಧ ಶತಮಾನ ಬೇಕಾಯಿತು, ಅದು ನಮ್ಮ ಹಳ್ಳಿಗಳಿಗೆ ನಡೆದು ಬರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ನಡಿಗೆಯ ಕೊನೆಯ ಹೆಜ್ಜೆಯನ್ನು ನಮ್ಮ ಓಣಿಯಲ್ಲಿ ಹಾಕಿಸಿದವಳು, ಅಕ್ಷರ ಬಾರದ ಆ ಮುದುಕಿ. ಅವಳ ಕೂಗು ಒಂದು ರಾತ್ರಿಯೂ ತಪ್ಪಲಿಲ್ಲ.

ಆ ಹುಡುಗಿ ಶಾಲೆ ಮುಗಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟರು. ವರ್ಷಗಟ್ಟಲೆ ಸೆಳವು ಬರದಿದ್ದುದನ್ನು ನೋಡಿ ವೈದ್ಯರು ಮೆಲ್ಲಗೆ ಪ್ರಮಾಣ ಇಳಿಸುತ್ತ ಗುಳಿಗಿ ನಿಲ್ಲಿಸಿದರು. ಕಳೆದ ಸಂಕ್ರಾಂತಿಯ ಹೊತ್ತಿಗೆ ಆ ಕಡೆ ಹೋದವನು ಅವಳ ಮನೆಗೂ ಹೋಗಿದ್ದೆ. "ಬಾ ಅಣ್ಣಾ, ಬಿಸಿ ರೊಟ್ಟಿ ಉಂಡು ಹೋಗು" ಎಂದು ಒಳಗಿನಿಂದಲೇ ಕರೆದಳು. ಒಲೆಯ ಮುಂದೆ ಕೂತು, ಉರಿಯ ಬೆಳಕು ಮುಖಕ್ಕೆ ಬೀಳುತ್ತಿರಲು, ಅವಳು ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು.